ಮೊದಲು ಹುಳ ನೋಡಿದವರಿಗೇ ಕೆಲಸ ಕೊಟ್ಟೆ: ಧಾರವಾಡದಲ್ಲಿ ಒರಲಿ (ಗೆದ್ದಲು) ಔಷಧ ಹಾಕಿಸಿದ ಅನುಭವ

ಐದಕ್ಕೆ ನಾಲ್ಕು.

ಮಾಳಮಡ್ಡಿಯ ನಮ್ಮ ಮನೆ ಹಳೆಯದು. ಸಾಗವಾನಿ ಚೌಕಟ್ಟು, ಶಹಾಬಾದ ಫರಶಿ, ಹಿತ್ತಲಲ್ಲಿ ಬಾವಿ. ರೋಹಿಣಿ ಮಳೆ ಬಿದ್ದ ಮೇಲೆ ಒಂದು ಸಂಜೆ ದೇವರಕೋಣೆಯ ಚೌಕಟ್ಟಿನ ಬುಡದಿಂದಲೇ ರೆಕ್ಕೆಹುಳ ಎದ್ದವು. ಒಂದು ಕಂಪನಿಯವರು ಫೋನಿನಲ್ಲೇ ಚದರಡಿ ಲೆಕ್ಕ ಹಾಕಿ ಇಡೀ ಮನೆಗೆ ದರ ಹೇಳಿಬಿಟ್ಟರು. ಯಾವ ಹುಳ, ಎಲ್ಲಿಂದ ಬಂತು ಅಂತ ಒಂದು ಮಾತು ಕೇಳಲಿಲ್ಲ. ಅವರನ್ನು ಬಿಟ್ಟೆ.

ಕೆಲಸ ಕೊಟ್ಟದ್ದು ಊರಿನದೇ ಒಬ್ಬ ಸಣ್ಣ ಗುತ್ತಿಗೆದಾರರಿಗೆ. ಬಂದವರೇ ಹುಳ ಕೇಳಿದರು. ಕಡ್ಡಿಪೆಟ್ಟಿಗೆಯಲ್ಲಿ ಹಿಡಿದಿಟ್ಟಿದ್ದೆ. ಒಂದನ್ನು ಬಿಳಿ ಹಾಳೆಯ ಮೇಲಿಟ್ಟು ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದರು: “ನಾಲ್ಕೂ ರೆಕ್ಕಿ ಒಂದ ಅಳತಿ ಅದಾವ ನೋಡ್ರಿ, ಮೈಗಿಂತ ಉದ್ದ. ನಡಾ ಸಣ್ಣ ಇಲ್ಲ. ಮೀಸಿ ನೆಟ್ಟಗ, ಮಣಿ ಪೋಣಿಸಿದಂಗ. ಇದು ಒರಲಿನ.” ಅಂಗಳದ ದೀಪದ ಕೆಳಗೆ ಬಿದ್ದದ್ದನ್ನೂ ತಂದು ಪಕ್ಕಕ್ಕಿಟ್ಟರು. ಅದರ ನಡ ತೀರಾ ಸಣ್ಣ, ಮೀಸೆ ನಡುವೆ ಮಡಚಿದೆ, ಮುಂದಿನ ರೆಕ್ಕೆ ಹಿಂದಿನದಕ್ಕಿಂತ ಉದ್ದ. ಅದು ಬರೀ ರೆಕ್ಕೆ ಇರುವೆ! ಒರಲೆಯೇ ಆದರೂ ದೀಪಕ್ಕೆ ಹೊರಗಿನಿಂದ ಬಂದರೆ ಗಾಬರಿ ಬೇಡ, ಚೌಕಟ್ಟಿನೊಳಗಿಂದ ಹೊರಬಿದ್ದರೆ ಮಾತ್ರ ಬೆನ್ನು ಹತ್ತಬೇಕು ಎಂದರು. ಸ್ಕ್ರೂಡ್ರೈವರ್ ಹಿಡಿಯಿಂದ ಚೌಕಟ್ಟು ಬಡಿದಾಗ ಒಂದು ಕಡೆ ಪೊಳ್ಳು ಸದ್ದು. ಅದರ ಹಿಂದೆ ಗೋಡೆಗುಂಟ ಮಣ್ಣಿನ ಕೊಳವೆ ಮೇಲೇರಿತ್ತು. ಹಾರುವ ಹುಳಕ್ಕೆ ಸ್ಪ್ರೇ ಹೊಡೆದು ದುಡ್ಡು ಕಳೆಯಬೇಡಿ, ರೆಕ್ಕೆ ಉದುರಿಸಿ ಬಹಳಷ್ಟು ತಾವೇ ಸಾಯುತ್ತವೆ, ಗೂಡು ಹಾಗೇ ಇರುತ್ತದೆ ಎಂದೂ ಹೇಳಿದರು.

ಗೋಡೆ, ಫರಶಿ ಕೂಡುವಲ್ಲಿ ಅಡಿಗೊಂದರಂತೆ 12 ಮಿ.ಮೀ. ತೂತು ಕೊರೆದು, ಒಂದೊಂದಕ್ಕೂ ಹೆಚ್ಚೆಂದರೆ 1 ಲೀಟರಿನಂತೆ ಇಮಿಡಾಕ್ಲೋಪ್ರಿಡ್ ಎಂಬ ಒರಲೆ ಔಷಧ ಬೆರೆಸಿದ ನೀರು ಇಳಿಸಿದರು. ಡಬ್ಬಿಯ ಸೀಲ್ ಒಡೆದದ್ದು ನನ್ನ ಮುಂದೆಯೇ. ಬಾವಿಯ ಕಡೆ ಮಣ್ಣಿಗೆ ಔಷಧ ಹಾಕಲು ಮಾತ್ರ ಒಪ್ಪಲೇ ಇಲ್ಲ. ದರ ಕಡಿಮೆಯಾಗುತ್ತದೆಂದು ಗೊತ್ತಿದ್ದೂ ಬೇಡವೆಂದರಲ್ಲ, ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದು.

ಒಂದು ಅಂಕ ಕಳೆದದ್ದು ತೂತು ಮುಚ್ಚಿದ ರೀತಿಗೆ. ಬೂದು ಫರಶಿಯ ಮೇಲೆ ಬಿಳಿ ಸಿಮೆಂಟಿನ ಚುಕ್ಕೆಗಳು ಸಾಲಾಗಿ ಕಣ್ಣಿಗೆ ಹೊಡೆಯುತ್ತವೆ. ಬಣ್ಣ ಬೆರೆಸಿ ಅಂತ ಮೊದಲೇ ಹೇಳಿಡಿ. ಧೂಳೂ ವಿಪರೀತ, ಪಾತ್ರೆ ಹಾಸಿಗೆ ಮುಚ್ಚಿಡಿ.

ಈ ಔಷಧ ನಿಧಾನಕ್ಕೆ ಕೆಲಸ ಮಾಡುವಂಥದ್ದು. ಒಡೆದ ಕೊಳವೆಯನ್ನು ಹುಳ ಮತ್ತೆ ಕಟ್ಟಿವೆಯೇ ಅಂತ ದಿನಾ ನೋಡುತ್ತೇನೆ, ಇದುವರೆಗೆ ಕಟ್ಟಿಲ್ಲ. ಒಂದು ವರ್ಷದ ವಾರಂಟಿಯನ್ನು ಬಿಲ್ಲಿನಲ್ಲೇ ಬರೆಸಿಕೊಂಡಿದ್ದೇನೆ. ಪೊಳ್ಳಾದ ಚೌಕಟ್ಟಿನ ರಿಪೇರಿ ಇದರಲ್ಲಿ ಸೇರಿಲ್ಲ, ಅದಕ್ಕೆ ಬಡಿಗೇರರನ್ನೇ ಕರೆಸಬೇಕು.