ಮೂರು ತಿಂಗಳ ಬೇಸಿಕ್ ಕಂಪ್ಯೂಟರ್ ಕೋರ್ಸ್: ಎರಡೂವರೆ ವರ್ಷ ಬಳಸಿದ ಮೇಲೆ

2023ರ ಮಾರ್ಚ್‌ನಲ್ಲಿ ಕಾಫಿ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾದಾಗ, ದಕ್ಷಿಣ ಕೊಡಗಿನ ನಮ್ಮ ಪೇಟೆಯ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಮೂರು ತಿಂಗಳ ಬೇಸಿಕ್ ಕೋರ್ಸಿಗೆ ಸೇರಿದೆ. ಆಗ ನನಗೆ ಐವತ್ತಾರು ವರ್ಷ. ಮೌಸ್ ಹಿಡಿದದ್ದೇ ಅಲ್ಲಿ ಮೊದಲು. ಕೋರ್ಸ್ ಮುಗಿದ ವಾರವೇ ವಿಮರ್ಶೆ ಬರೆದಿದ್ದರೆ, ಪ್ರಮಾಣಪತ್ರ ಕೈಗೆ ಬಂದ ಸಂತೋಷದಲ್ಲಿ ಐದಕ್ಕೆ ಐದು ಅಂಕ ಕೊಟ್ಟುಬಿಡುತ್ತಿದ್ದೆ. ಈಗ ಕೊಡುವುದು ಮೂರು. ಕಲಿಸಿದ ಹುಡುಗಿಯ ತಾಳ್ಮೆಗೆ ಮಾತ್ರ ಒಂದೂ ಅಂಕ ಕಡಿಯಲಾರೆ. ಡಬಲ್ ಕ್ಲಿಕ್ ಬಾರದೆ ನಾನು ಒದ್ದಾಡುತ್ತಿದ್ದಾಗ, "ಆಂಟಿ, ಬೆರಳು ಎರಡು ಸಲ ಬೀಳಲಿ, ಕೈ ಅಲ್ಲಾಡಬಾರದು" ಎಂದು ಎಷ್ಟು ಬಾರಿ ಹೇಳಿದಳೋ ಲೆಕ್ಕವಿಲ್ಲ.

ಕೊಟ್ಟ ಹಣ ಪೂರ್ತಿ ವಸೂಲಾದದ್ದು ಲೆಕ್ಕದ ಪಟ್ಟಿ ಮಾಡುವ ಎಕ್ಸೆಲ್‌ನಲ್ಲಿ. ತರಗತಿಯಲ್ಲಿ ಕಲಿಸಿದ್ದು ಕಾಲ್ಪನಿಕ ವಿದ್ಯಾರ್ಥಿಗಳ ಅಂಕಪಟ್ಟಿ ಮಾಡುವುದನ್ನು. ನಾನು ಮನೆಗೆ ಬಂದು ವಿದ್ಯಾರ್ಥಿಗಳ ಜಾಗದಲ್ಲಿ ಹಣ್ಣು ಕೊಯ್ಯುವವರ ಹೆಸರು, ವಿಷಯಗಳ ಜಾಗದಲ್ಲಿ ದಿನಗಳು, ಅಂಕಗಳ ಜಾಗದಲ್ಲಿ ಕಿಲೋ ತೂಕ ತುಂಬಿದೆ. ತಾನಾಗಿ ಕೂಡುವ ಆಟೋಸಮ್ ಗುಂಡಿ ಒತ್ತಿದರೆ ವಾರದ ತೂಕ, ಅದನ್ನು ಕಿಲೋ ದರದಿಂದ ಗುಣಿಸಿದರೆ ಕೂಲಿ. ಶನಿವಾರ ಸಂಜೆ ಬಟವಾಡೆಯ ಹೊತ್ತಿಗೆ ಪುಸ್ತಕ ಹಿಡಿದು ಕೂಡುವ, ಮತ್ತೆ ಕೂಡಿ ತಾಳೆ ನೋಡುವ ಕೆಲಸ ನಿಂತುಹೋಯಿತು. ಎರಡನೆಯ ವರ್ಷ ಮಾವನವರ ಮಳೆ ಪುಸ್ತಕಕ್ಕೆ ಕೈಹಾಕಿದೆ. ತೋಟದ ಮನೆಗಳಲ್ಲಿ ಮಳೆಯನ್ನು ಇಂದಿಗೂ ಇಂಚು ಮತ್ತು ಸೆಂಟಿನಲ್ಲೇ (ಇಂಚಿನ ನೂರನೆಯ ಒಂದು ಭಾಗ) ಬರೆದಿಡುತ್ತಾರೆ, ಹವಾಮಾನ ಇಲಾಖೆಯ ಲೆಕ್ಕವೋ ಮಿಲಿಮೀಟರಿನದು. ಪಕ್ಕದ ಕಾಲಂನಲ್ಲಿ 25.4ರಿಂದ ಗುಣಿಸುವ ಸೂತ್ರ ಬರೆದು ಕೆಳಗೆಳೆದರೆ, ಎರಡು ಇಂಚು ನಲವತ್ತು ಸೆಂಟು ತಾನಾಗಿ 60.96 ಮಿಲಿಮೀಟರ್ ಆಗುತ್ತದೆ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವ ತಾರೀಖಿಗೆ ಬಿತ್ತು, ಅದರ ನಂತರದ ಮಳೆ ಎಷ್ಟು ದಿನಕ್ಕೆ ಬಂತು ಎಂದು ಈಗ ಮನೆಯವರು ನನ್ನನ್ನು ಕೇಳುತ್ತಾರೆ.

ಕನ್ನಡ ಬೆರಳಚ್ಚಿನ ಪಾಠದಲ್ಲಿ ಲಾಭವೂ ಆಯಿತು, ಪೇಚೂ ಆಯಿತು. ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸವನ್ನು ಅಚ್ಚುಕಟ್ಟಾಗಿ ಕಲಿಸಿದರು. ಒತ್ತಕ್ಷರಕ್ಕೆ ನಡುವೆ ಎಫ್ ಕೀಲಿ ಒತ್ತಬೇಕು: ಎ, ಎಂ, ಎಫ್, ಎಂ ಒತ್ತಿದರೆ 'ಅಮ್ಮ'. ಇದು ಹದಿನೈದು ದಿನದಲ್ಲಿ ಬೆರಳಿಗೆ ಕೂತಿತು. ಆದರೆ ನಮ್ಮ ಸ್ತ್ರೀಶಕ್ತಿ ಸಂಘದ ನಡಾವಳಿಯನ್ನು ಹಾಗೆ ಟೈಪ್ ಮಾಡಿ ಮೈಸೂರಿನಲ್ಲಿರುವ ಮಗಳಿಗೆ ಇಮೇಲ್ ಮಾಡಿದಾಗ, "ಅಮ್ಮ, ಇದು ಯಾವ ಭಾಷೆ?" ಎಂದು ಫೋನ್ ಬಂತು. ಅವಳ ತೆರೆಯ ಮೇಲೆ ಇದ್ದದ್ದು ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ನಮಗೆ ಕಲಿಸಿದ್ದು ಹಳೆಯ ಆಸ್ಕಿ ಫಾಂಟಿನಲ್ಲಿ. ಅಲ್ಲಿ ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುವುದರಿಂದ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಕನ್ನಡವಾಗಿ ಕಾಣುವುದಿಲ್ಲ. ಯುನಿಕೋಡ್ ಎಂಬ ಈಗಿನ ಪದ್ಧತಿಯಲ್ಲಾದರೆ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿದ್ದು, ಇಂದಿನ ಫೋನು, ಕಂಪ್ಯೂಟರುಗಳೆಲ್ಲ ಅದನ್ನು ಓದುತ್ತವೆ. ನುಡಿಯ ಹೊಸ ಆವೃತ್ತಿಗಳಲ್ಲೇ ಯುನಿಕೋಡ್ ಸೌಲಭ್ಯವಿದೆ, ಕೀಲಿಗಳೂ ಅವೇ. ಆದ್ದರಿಂದ ಕಲಿತ ಬೆರಳು ವ್ಯರ್ಥವಾಗಲಿಲ್ಲ. ಈ ಒಂದು ಆಯ್ಕೆಯನ್ನು ತೋರಿಸಲು ತರಗತಿಯಲ್ಲಿ ಐದು ನಿಮಿಷ ಸಾಕಾಗುತ್ತಿತ್ತು. ಪೇಂಟ್‌ನಲ್ಲಿ ಮನೆ, ಗುಡ್ಡ, ಸೂರ್ಯ ಬಿಡಿಸಲು ಒಂದು ವಾರವಿಡೀ ಕೊಟ್ಟಿದ್ದರು.

ನನ್ನ ದೊಡ್ಡ ದೂರು ಇಂಟರ್ನೆಟ್ ಭಾಗದ್ದು. ಮೂರು ತಿಂಗಳಲ್ಲಿ ಅದಕ್ಕೆ ಸಿಕ್ಕಿದ್ದು ಕೊನೆಯ ನಾಲ್ಕು ದಿನ: ಇಮೇಲ್ ಖಾತೆ ತೆರೆಯುವುದು, ಹುಡುಕುವುದು, ಚಿತ್ರ ಇಳಿಸಿಕೊಳ್ಳುವುದು. ಇಳಿಸಿಕೊಂಡದ್ದು ಎಲ್ಲಿ ಹೋಯಿತು ಎಂಬುದನ್ನು ಯಾರೂ ಹೇಳಲಿಲ್ಲ. ಮನೆಯಲ್ಲಿ ಒಂದೇ ಪಹಣಿಯನ್ನು ಏಳು ಬಾರಿ ಇಳಿಸಿಕೊಂಡಿದ್ದೆ. ಏಳೂ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಕುಳಿತಿದ್ದವು. ಇ-ಆಧಾರ್ ಪಿಡಿಎಫ್ ಪಾಸ್‌ವರ್ಡ್ ಕೇಳಿದಾಗ, ಅದು ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ ಮತ್ತು ಹುಟ್ಟಿದ ವರ್ಷ ಎಂದು ತಿಳಿಯದೆ, ಕಡತವೇ ಕೆಟ್ಟಿದೆ ಎಂದುಕೊಂಡಿದ್ದೆ.

ಇವು ಸಣ್ಣವು. ಒಮ್ಮೆ ಗ್ಯಾಸ್ ಸಿಲಿಂಡರ್ ದೂರಿಗಾಗಿ ಗ್ರಾಹಕ ಸೇವೆಯ ಸಂಖ್ಯೆ ಹುಡುಕಿ, ಮೊದಲು ಕಂಡದ್ದಕ್ಕೆ ಕರೆ ಮಾಡಿದೆ. ಆ ಕಡೆಯವನು ಬಹಳ ಮರ್ಯಾದೆಯಿಂದ ಮಾತಾಡಿ, ಫೋನಿನ ತೆರೆಯನ್ನು ದೂರದಿಂದ ನೋಡುವ ಆ್ಯಪ್ ಒಂದನ್ನು ಹಾಕಿಕೊಳ್ಳಲು ಹೇಳಿದ. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಆ್ಯಪ್ ಇಳಿಯುವ ಮೊದಲೇ ಕರೆ ಕಡಿದುಹೋಯಿತು. ಆ ದಿನದಿಂದ ನೆಟ್‌ವರ್ಕನ್ನು ಬೈಯುವುದು ಕಡಿಮೆ ಮಾಡಿದ್ದೇನೆ. ಹುಡುಕಾಟದಲ್ಲಿ ಮೇಲೆ ಕಾಣುವುದು ಜಾಹೀರಾತೂ ಆಗಿರಬಹುದು, ಸರ್ಕಾರಿ ತಾಣದ ಹೆಸರು ಸಾಮಾನ್ಯವಾಗಿ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆ, ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬಾರದು, ಮೋಸದಿಂದ ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಎಂಬುದನ್ನೆಲ್ಲ ನಾನು ಕಲಿತದ್ದು ಮಗಳಿಂದ.

ಯಂತ್ರಗಳ ವಿಷಯ ಹೇಳುವಷ್ಟಿಲ್ಲ. 2020ರ ಜನವರಿಯಲ್ಲೇ ಭದ್ರತಾ ಬೆಂಬಲ ಮುಗಿದಿದ್ದ ವಿಂಡೋಸ್ 7ರಲ್ಲಿ ಕಲಿತು ಮನೆಗೆ ಬಂದರೆ, ಹೊಸ ಲ್ಯಾಪ್‌ಟಾಪಿನ ವಿಂಡೋಸ್ 11ರಲ್ಲಿ ಸ್ಟಾರ್ಟ್ ಗುಂಡಿ ಹುಡುಕುವುದಕ್ಕೇ ಒಂದು ಬೆಳಗು ಹೋಯಿತು. ಕೇಂದ್ರದಲ್ಲಿ ಯುಪಿಎಸ್ ಇರಲಿಲ್ಲ. ಮೇ ತಿಂಗಳ ಗುಡುಗುಮಳೆಗೆ ಕರೆಂಟು ಹೋಗಿ ಎರಡು ಪುಟ ಕಳೆದುಕೊಂಡ ಮೇಲೆ, ಬರೆದದ್ದನ್ನು ಉಳಿಸಲು ಆಗಾಗ ಕಂಟ್ರೋಲ್ ಎಸ್ ಒತ್ತುವ ಅಭ್ಯಾಸ ಮಾತ್ರ ಯಾರೂ ಹೇಳದೆಯೇ ಬಂತು.

ಈ ವರ್ಷ ಪಕ್ಕದ ತೋಟದ ಅಕ್ಕ ಸೇರಬೇಕೆಂದು ಕೇಳಿದಾಗ, ಸೇರಿ ಎಂದೇ ಹೇಳಿದೆ. ಹಣ ಕಟ್ಟುವ ಮೊದಲು ಮಾತ್ರ ಎರಡು ಪ್ರಶ್ನೆ ಕೇಳಲು ತಿಳಿಸಿದ್ದೇನೆ: ಕನ್ನಡವನ್ನು ಯುನಿಕೋಡಿನಲ್ಲಿ ಕಲಿಸುತ್ತೀರಾ, ಪೇಂಟ್‌ನ ವಾರವನ್ನು ಇಂಟರ್ನೆಟ್ಟಿಗೆ ಕೊಡುತ್ತೀರಾ? ಮೊದಲನೆಯದಕ್ಕೆ ಒಪ್ಪಿದ್ದಾರಂತೆ. ಎರಡನೆಯದಕ್ಕೆ, ಪಠ್ಯಕ್ರಮದಲ್ಲಿ ಇದ್ದ ಹಾಗೆ ಎಂದರಂತೆ.