ವಿದ್ಯಾರ್ಥಿ ಸಾರ್ಟೆಡ್ ಕರೆದಿದ್ದಾನೆಯೇ? ಗ್ರೆಪ್, ಎಎಸ್‌ಟಿ, ಮಾಕ್

ಪೈಥಾನ್ ಲ್ಯಾಬ್‌ನಲ್ಲಿ ಬಬಲ್ ಸಾರ್ಟ್ ಬರೆಯಿರಿ ಅಂದರೆ, ಒಂದೇ ಸಾಲಿನಲ್ಲಿ ಪೈಥಾನ್‌ನ ಸಿದ್ಧ ವಿಂಗಡಣೆ ಫಂಕ್ಷನ್ ಸಾರ್ಟೆಡ್ ಕರೆದು ಕೈತೊಳೆದುಕೊಳ್ಳುವವರು ಇದ್ದೇ ಇರುತ್ತಾರೆ. ಔಟ್‌ಪುಟ್ ಸರಿಯಾಗಿಯೇ ಬರುವುದರಿಂದ ಮಾಮೂಲಿ ಟೆಸ್ಟ್‌ಗಳಲ್ಲಿ ಇದು ಗೊತ್ತಾಗುವುದಿಲ್ಲ.

ಗ್ರೆಪ್ ಹಾಕುವುದು, ಅಂದರೆ ಫೈಲಿನಲ್ಲಿ ಆ ಪದವನ್ನು ಹುಡುಕುವುದು, ಒಂದು ಸಾಲಿನ ಕೆಲಸ. ಆದರೆ ‘ಸಾರ್ಟೆಡ್ ಬಳಸಿಲ್ಲ ಸಾರ್’ ಎಂದು ಕಮೆಂಟ್ ಬರೆದ ಪ್ರಾಮಾಣಿಕನೂ ಸಿಕ್ಕಿಬೀಳುತ್ತಾನೆ. ಇದನ್ನು ನಂಬಿ ಅಂಕ ಕಳೆಯಬೇಡಿ.

ಫಂಕ್ಷನ್ ಬಳಸಬಾರದು ಎಂಬ ನಿಯಮವಿದ್ದರೆ ನನ್ನ ಆಯ್ಕೆ ಎಎಸ್‌ಟಿ (ಅಬ್‌ಸ್ಟ್ರಾಕ್ಟ್ ಸಿಂಟ್ಯಾಕ್ಸ್ ಟ್ರೀ). ಪೈಥಾನ್ ಜೊತೆಗೇ ಬರುವ ಈ ಮಾಡ್ಯೂಲ್, ಕೋಡನ್ನು ಓಡಿಸದೆಯೇ ಅದರ ರಚನೆಯನ್ನು ಬಿಡಿಸಿ ಕೊಡುತ್ತದೆ. ಆ ರಚನೆಯಲ್ಲಿ ಫಂಕ್ಷನ್ ಕರೆಗಳನ್ನು ಸೂಚಿಸುವ ‘ಕಾಲ್’ ನೋಡ್‌ಗಳನ್ನು ನೋಡಿದರಾಯಿತು. ಕಮೆಂಟು, ಸ್ಟ್ರಿಂಗು ಅಡ್ಡ ಬರುವುದಿಲ್ಲ. ಒಂದು ಎಚ್ಚರಿಕೆ: ಸಾರ್ಟೆಡ್ ‘ನೇಮ್’ ಆಗಿ ಸಿಗುತ್ತದೆ, ಲಿಸ್ಟ್‌ನ ಸಾರ್ಟ್ ಮೆಥಡ್ ‘ಆಟ್ರಿಬ್ಯೂಟ್’ ಆಗಿ. ಎರಡನ್ನೂ ಹುಡುಕಬೇಕು. ಚಾಲಾಕಿ ಹುಡುಗರು ಸಾರ್ಟೆಡ್ ಅನ್ನು ಬೇರೆ ವೇರಿಯಬಲ್‌ಗೆ ಹಾಕಿ ಕರೆಯುತ್ತಾರೆ. ಕರೆಯನ್ನಷ್ಟೇ ಅಲ್ಲ, ಆ ಹೆಸರು ಎಲ್ಲಿ ಬಂದರೂ ಗುರುತಿಸಿದರೆ ಅದೂ ಸಿಗುತ್ತದೆ. ಸಿಂಟ್ಯಾಕ್ಸ್ ತಪ್ಪಿರುವ ಫೈಲ್ ಮಾತ್ರ ಪಾರ್ಸ್ ಆಗುವುದೇ ಇಲ್ಲ.

‘ಈ ಫಂಕ್ಷನ್ ಬಳಸಲೇಬೇಕು’ ಎಂಬುದು ನಿಯಮವಾದರೆ ಲೆಕ್ಕ ಬೇರೆ. ಎಂದೂ ಓಡದ ‘ಇಫ್ ಫಾಲ್ಸ್’ ಒಳಗೆ ಸುಮ್ಮನೆ ಇಟ್ಟ ಕರೆಯನ್ನೂ ಎಎಸ್‌ಟಿ ಕರೆಯೆಂದೇ ತೋರಿಸುತ್ತದೆ. ಪೈಥಾನ್‌ನ ಟೆಸ್ಟ್ ಮಾಡ್ಯೂಲ್ ಯೂನಿಟ್‌ಟೆಸ್ಟ್‌ನ ಮಾಕ್ (ಅಸಲಿ ಫಂಕ್ಷನ್‌ನ ಜಾಗದಲ್ಲಿ ಕೂರುವ ನಕಲಿ) ಆದರೆ ಕೋಡ್ ಓಡುವಾಗ ಫಂಕ್ಷನ್ ನಿಜಕ್ಕೂ ಕರೆಯಲ್ಪಟ್ಟಿತೇ, ಎಷ್ಟು ಸಲ, ಯಾವ ಆರ್ಗ್ಯುಮೆಂಟ್ ಜೊತೆ ಎಂಬುದನ್ನೆಲ್ಲ ದಾಖಲಿಸುತ್ತದೆ. ಲಿಸ್ಟ್‌ನ ಸಾರ್ಟ್ ಮೆಥಡ್ ಮೇಲೆ ಮಾತ್ರ ಇದರ ಆಟ ನಡೆಯದು, ಬಿಲ್ಟ್-ಇನ್ ಟೈಪ್‌ಗಳನ್ನು ಬದಲಿಸಲು ಸಿಪೈಥಾನ್ (ನಾವು ಸಾಮಾನ್ಯವಾಗಿ ಬಳಸುವ ಪೈಥಾನ್) ಬಿಡುವುದಿಲ್ಲ. ಮೇಲಾಗಿ ವಿದ್ಯಾರ್ಥಿಯ ಕೋಡನ್ನು ನಿಮ್ಮ ಮಶೀನ್‌ನಲ್ಲಿ ಓಡಿಸಬೇಕಾದ್ದರಿಂದ ಸ್ಯಾಂಡ್‌ಬಾಕ್ಸ್ (ಉಳಿದ ಮಶೀನ್‌ಗೆ ತಾಗದ ಪ್ರತ್ಯೇಕ ಜಾಗ) ಬೇಕು, ಮುಗಿಯದ ಲೂಪ್‌ಗಳಿಗೆ ಟೈಮ್‌ಔಟೂ ಬೇಕು.