ವಾರದ ಮೊತ್ತ ತಾಳೆಯಾಗಿತ್ತು, ಕಣಕಾಲಿನ ಎಲುಬು ಬಿರುಕು ಬಿಟ್ಟಿತ್ತು

ವಾರದ ದಿನಗಳಲ್ಲಿ ಬಿಡುವಿಲ್ಲದೆ ಓಟವನ್ನೆಲ್ಲ ಭಾನುವಾರದ ಒಂದೇ ಬೆಳಗಿಗೆ ತುರುಕುವವರು ದಯವಿಟ್ಟು ಇದನ್ನು ಓದಿ. ಹನ್ನೊಂದು ವಾರ ನಾನು ಒಂದು ಹೆಜ್ಜೆಯನ್ನೂ ಓಡಲಿಲ್ಲ. ಅದರಲ್ಲಿ ಮೊದಲ ಆರು ವಾರ ಮನೆಯ ಜಗಲಿಯಿಂದ ಅಂಗಳಕ್ಕೆ ಇಳಿಯುವ ಮೂರು ಮೆಟ್ಟಿಲಿಗೂ ಊರುಗೋಲು ಬೇಕಿತ್ತು. ಬಿದ್ದು ಆದದ್ದಲ್ಲ, ನಾಯಿ ಅಟ್ಟಿಸಿಕೊಂಡು ಬಂದು ಆದದ್ದೂ ಅಲ್ಲ. ಅದಕ್ಕೆ ನಮ್ಮ ಕಾಸರಗೋಡಿನ ರಸ್ತೆಗಳಲ್ಲಿ ಅವಕಾಶ ಧಾರಾಳವಾಗಿದ್ದರೂ. ಮೊಬೈಲಿಗೆ ಬಂದ ಒಂದು ತರಬೇತಿ ವೇಳಾಪಟ್ಟಿಯಿಂದ ಆದದ್ದು. ಇನ್ನೂ ಪ್ರಾಮಾಣಿಕವಾಗಿ ಹೇಳಿದರೆ, ಆ ಪಟ್ಟಿಯನ್ನು ನಾನು ಪಾಲಿಸಿದ ಬಗೆಯಿಂದ.

ನನಗೆ ನಲವತ್ತಮೂರು. ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ವರ್ಷದಿಂದ ಬೆಳಿಗ್ಗೆ ಓಡುತ್ತಿದ್ದೆ. ಪದಕಕ್ಕಲ್ಲ, ಸಕ್ಕರೆಯ ಅಂಶ ಗಡಿಯ ಹತ್ತಿರ ಬಂದಿದೆ ಎಂದು ವೈದ್ಯರು ಹೆದರಿಸಿದ್ದಕ್ಕೆ. ಕಳೆದ ಜೂನ್‌ನಲ್ಲಿ ಗೆಳೆಯರ ಮಾತು ಕೇಳಿ ನವೆಂಬರಿನ ಒಂದು ಅರ್ಧ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. 21.1 ಕಿಲೋಮೀಟರ್. ಜೊತೆಗೆ ಹಣ ಕಟ್ಟಿ ಒಂದು ತರಬೇತಿ ಗುಂಪಿಗೂ ಸೇರಿದೆ. ಅವರು ಎಲ್ಲರಿಗೂ ಒಂದೇ ಪಟ್ಟಿ ಕಳುಹಿಸಿದರು: ಇಪ್ಪತ್ತೆರಡರ ಹುಡುಗನಿಗೂ, ನನಗೂ, ಎರಡು ಹೆರಿಗೆಯ ನಂತರ ಓಡಲು ಶುರುಮಾಡಿದ ಬದಿಯಡ್ಕದ ಒಬ್ಬ ಶಿಕ್ಷಕಿಗೂ. ಹಿಂದೆ ಎಲ್ಲಾದರೂ ಪೆಟ್ಟಾಗಿತ್ತೇ ಎಂದು ಯಾರೂ ಕೇಳಲಿಲ್ಲ. ಓಟಗಾರನಿಗೆ ಮತ್ತೆ ನೋವಾಗುತ್ತದೆಯೇ ಎಂದು ಊಹಿಸಲು ಹಳೆಯ ನೋವಿಗಿಂತ ದೊಡ್ಡ ಸೂಚನೆ ಇಲ್ಲ. ನನಗೆ ಹಿಂದಿನ ವರ್ಷವೇ ಅದೇ ಕಾಲು ಒಂದು ತಿಂಗಳು ನೋಯುತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಪಟ್ಟಿಯೇನೋ ಕೆಟ್ಟದ್ದಾಗಿರಲಿಲ್ಲ. ಮಂಗಳವಾರ 5, ಗುರುವಾರ 5, ಶನಿವಾರ 4, ಭಾನುವಾರ 8. ಒಟ್ಟು 22. ಭಾನುವಾರದ ಓಟ ನಿಧಾನವಾಗಿ ಬೆಳೆಯಬೇಕಿತ್ತು. ಆದರೆ ಜುಲೈಯಲ್ಲಿ ನಮ್ಮ ಮಳೆ ಯಾರ ಪಟ್ಟಿಯನ್ನೂ ಕೇಳುವುದಿಲ್ಲ. ನಡುವೆ ಒಂದು ಜ್ವರ. ಹೀಗಾಗಿ ಆಗಸ್ಟ್ ಮುಗಿಯುವವರೆಗೆ ಭಾನುವಾರದ 8 ಅಲ್ಲಿಯೇ ನಿಂತಿತ್ತು. ಪಟ್ಟಿ ಮಾತ್ರ ತನ್ನಷ್ಟಕ್ಕೆ 14, 15, 17 ಎಂದು ಮುಂದಕ್ಕೆ ಹೋಗಿತ್ತು. ಆಮೇಲೆ ಓಣಂ ಬಂತು. ಓಣಂನ ಹಿಂದು ಮುಂದಿನ ವಾರಗಳಲ್ಲಿ ಕೇರಳದ ಸಹಕಾರಿ ಸಂಘಗಳಲ್ಲಿ ಕೆಲಸ ಮಾಡುವವರಿಗೆ ತಲೆ ಎತ್ತಲು ಪುರುಸೊತ್ತು ಇರುವುದಿಲ್ಲ. ಮಂಗಳವಾರ ಹೋಯಿತು, ಗುರುವಾರವೂ ಹೋಯಿತು.

ಇಲ್ಲಿಂದ ನನ್ನ ಮೂರ್ಖತನ ಶುರು. ಲೆಕ್ಕದವನಿಗೆ ಬಾಕಿ ಎಂದರೆ ಆಗದು. ವಾರಕ್ಕೆ 22 ಕಿಲೋಮೀಟರ್ ಬರಬೇಕು, ಎಲ್ಲಿಂದ ಬಂದರೇನು? ಶನಿವಾರ 5 ಓಡಿದೆ, ಭಾನುವಾರ ಪಟ್ಟಿಯಲ್ಲಿದ್ದ 17. ಕೂಡಿಸಿದರೆ ಸರಿಯಾಗಿ 22. ಜಮೆ ಖರ್ಚು ತಾಳೆ. ಮುಂದಿನ ವಾರ 6 ಮತ್ತು 18, ಒಟ್ಟು 24. ಅದರ ಮುಂದಿನ ವಾರ 6 ಮತ್ತು 20, ಒಟ್ಟು 26. ವಾರಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚು ಏರಿಸಬಾರದು ಎಂಬ ಜನಪ್ರಿಯ ನಿಯಮವನ್ನು ಒಂದು ವಾರವೂ ಮೀರಲಿಲ್ಲ. ಕೈಗಡಿಯಾರವೂ ಹಸಿರು ಬಣ್ಣ ತೋರಿಸಿ ಬೆನ್ನು ತಟ್ಟಿತು.

ಆ ಮೊದಲ 17 ಕಿಲೋಮೀಟರ್ ಮಾತ್ರ ಈಗ ನೆನೆದರೂ ಚೆನ್ನಾಗಿದೆ, ಸುಳ್ಳು ಹೇಳಲಾರೆ. ಹೆದ್ದಾರಿಯ ಷಟ್ಪಥ ಕಾಮಗಾರಿ ಶುರುವಾದ ಮೇಲೆ ಆ ಕಡೆ ಓಡುವ ಆಸೆಯನ್ನೇ ಬಿಟ್ಟವರು ನಾವು. ಕರಾವಳಿಯ ರಸ್ತೆಯೇ ಗತಿ. ಬೆಳಗಿನ ಜಾವ ಪೇಟೆಯಿಂದ ಹೊರಟು, ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಕಳನಾಡು, ಉದುಮ, ಪಾಲಕುನ್ನು. ತೃಕ್ಕನ್ನಾಡಿನಲ್ಲಿ ಒಂದು ಬದಿಗೆ ದೇವಸ್ಥಾನ, ಇನ್ನೊಂದು ಬದಿಗೆ ಸಮುದ್ರ. ಬೇಕಲದಲ್ಲಿ ಕೆಳದಿಯವರ ಕೋಟೆ ಕಾಣಿಸುವಾಗ ಬೆಳಕು ಹರಿದಿತ್ತು. ಉಸಿರು ಹಗುರವಾಗಿತ್ತು, ಕಾಲು ತಾನಾಗಿ ಎತ್ತಿ ಇಡುತ್ತಿತ್ತು. ಬಸ್ಸು ಹಿಡಿದು ಮನೆಗೆ ಬಂದು ನಾಲ್ಕು ನೀರುದೋಸೆ ಹೆಚ್ಚಿಗೆ ತಿಂದೆ. ಎರಡು ವರ್ಷದ ಓಟದಲ್ಲಿ ಎದೆ ಮತ್ತು ಶ್ವಾಸಕೋಶ ತಯಾರಾಗಿದ್ದವು. ಅವು ಕೆಲವೇ ವಾರಗಳಲ್ಲಿ ಹೊಸ ಶ್ರಮಕ್ಕೆ ಒಗ್ಗುತ್ತವೆ. ಎಲುಬಿಗೂ ಸ್ನಾಯುರಜ್ಜುವಿಗೂ ತಿಂಗಳುಗಳು ಬೇಕು. ಉಸಿರು ಸಾಕು ಎನ್ನದ ಕಾರಣ ನಾನು ನಿಲ್ಲಲಿಲ್ಲ, ಎಲುಬಿಗೆ ಆ ಹೊತ್ತಿನಲ್ಲಿ ಹೇಳುವ ಬಾಯಿಯಿಲ್ಲ.

ಮೂರನೆಯ ಭಾನುವಾರ, 20ರ ಕೊನೆಯ ಹೊತ್ತಿಗೆ, ಬಲ ಕಣಕಾಲಿನ ಒಳಬದಿಯಲ್ಲಿ ಚುಚ್ಚಿದಂತಾಯಿತು. ಗುಂಪಿನಲ್ಲಿ ಬರೆದೆ. ‘ಶಿನ್ ಸ್ಪ್ಲಿಂಟ್ (ಓಟದಿಂದ ಕಣಕಾಲಿನ ಎಲುಬಿನ ಉದ್ದಕ್ಕೂ ಬರುವ ನೋವು), ಎಲ್ಲರಿಗೂ ಬರುತ್ತದೆ, ಮಂಜುಗಡ್ಡೆ ಇಡಿ, ಮಂಗಳವಾರದ ವೇಗದ ಓಟ ತಪ್ಪಿಸಬೇಡಿ’ ಎಂಬ ಉತ್ತರ ಬಂತು, ಜೊತೆಗೆ ಬಿಗಿದ ತೋಳಿನ ಚಿತ್ರ. ಕಾಲನ್ನು ನೋಡದೆ, ಮುಟ್ಟದೆ, ಎರಡು ನಿಮಿಷದಲ್ಲಿ ರೋಗ ನಿರ್ಣಯ. ನನಗೆ ಬೇಕಾಗಿದ್ದ ಉತ್ತರವೂ ಅದೇ ಆಗಿದ್ದರಿಂದ ಅವರನ್ನೊಬ್ಬರನ್ನೇ ದೂರಲಾರೆ. ಎಣ್ಣೆ ತಿಕ್ಕಿದೆ. ನೋವಿನ ಮಾತ್ರೆ ನುಂಗಿ ಇನ್ನೂ ಹತ್ತು ದಿನ ಓಡಿದೆ. ಪ್ರತಿದಿನ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಒಂಟಿ ಕಾಲಿನಲ್ಲಿ ಕುಪ್ಪಳಿಸಿ ‘ಇವತ್ತು ಕಡಿಮೆಯಾಗಿದೆಯೇ’ ಎಂದು ಪರೀಕ್ಷಿಸುತ್ತಿದ್ದೆ. ಬಿರುಕು ಬಿಟ್ಟ ಎಲುಬಿನ ಮೇಲೆ ದಿನಾ ಹಾರಿ ಅದು ಕೂಡಿತೇ ಎಂದು ನೋಡುವ ಬುದ್ಧಿವಂತ!

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ, ನನಗೆ ಆಗ ಗೊತ್ತಿದ್ದರೆ ಎರಡು ವಾರವಾದರೂ ಉಳಿಯುತ್ತಿತ್ತು. ಶಿನ್ ಸ್ಪ್ಲಿಂಟ್‌ನ ನೋವು ಸಾಮಾನ್ಯವಾಗಿ ಕಣಕಾಲಿನ ಒಳ ಅಂಚಿನ ಉದ್ದಕ್ಕೂ, ಐದು ಸೆಂಟಿಮೀಟರ್‌ಗಿಂತ ಹೆಚ್ಚು ಹರಡಿರುತ್ತದೆ. ಓಟದ ಆರಂಭದಲ್ಲಿ ಕಾಡಿ ಮೈ ಬಿಸಿಯಾದ ಮೇಲೆ ಕಡಿಮೆಯಾಗುವುದೂ ಉಂಟು. ಸ್ಟ್ರೆಸ್ ಫ್ರ್ಯಾಕ್ಚರ್‌ನ, ಅಂದರೆ ಪದೇ ಪದೇ ಬಿದ್ದ ಭಾರದಿಂದ ಎಲುಬಿನಲ್ಲಿ ಆಗುವ ಸಣ್ಣ ಬಿರುಕಿನ, ನೋವು ಬೆರಳ ತುದಿಯಿಂದ ‘ಇಲ್ಲಿಯೇ’ ಎಂದು ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ಇರುತ್ತದೆ, ಓಡಿದಷ್ಟೂ ಹೆಚ್ಚುತ್ತದೆ, ಮುಂದುವರಿದರೆ ನಡೆಯುವಾಗಲೂ ರಾತ್ರಿ ಮಲಗಿದಾಗಲೂ ಬಿಡುವುದಿಲ್ಲ. ನನ್ನದು ಒಂದು ನಾಣ್ಯದಷ್ಟು ಜಾಗ. ಹನ್ನೊಂದನೆಯ ದಿನ ರಾತ್ರಿ ಹೊದಿಕೆ ತಾಗಿದರೂ ಎಚ್ಚರವಾಗುತ್ತಿತ್ತು.

ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆದರು. ಏನೂ ಇಲ್ಲ ಎಂದರು. ನಾನು ಸಂತೋಷದಿಂದ ಹೊರಬಂದೆ. ಈ ಬಗೆಯ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌-ರೇಯಲ್ಲಿ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ, ಎಂಆರ್‌ಐಯಲ್ಲಿ ಕಾಣುತ್ತದೆ. ಚೀಟಿಯ ಕೆಳಗೆ ವೈದ್ಯರು ಮಲಯಾಳದಲ್ಲಿ ಒಂದೇ ಪದ ಬರೆದಿದ್ದರು: ವಿಶ್ರಮಂ. ಗಡಿನಾಡಿನವರು ಭಾಷೆ ತಿಳಿಯಲಿಲ್ಲ ಎಂಬ ನೆಪವನ್ನು ಎಲ್ಲೆಲ್ಲಿಯೋ ಹೇಳಿ ಪಾರಾಗುತ್ತೇವೆ, ಈ ಪದಕ್ಕೆ ಮಾತ್ರ ಆಗುವುದಿಲ್ಲ. ಆದರೂ ನಾನು ಮತ್ತೊಂದು ಭಾನುವಾರ 9 ಕಿಲೋಮೀಟರ್ ಓಡಲು ಹೊರಟೆ. ಅದರ ಅರ್ಧದಲ್ಲಿ, ಕಳನಾಡಿನ ಹತ್ತಿರ, ರಸ್ತೆ ಬದಿಯ ಮುರಕಲ್ಲಿನ ಮೇಲೆ ಕುಳಿತವನು ಏಳಲಾಗದೆ ಆಟೋ ಕರೆಸಿದೆ.

ನಮ್ಮ ಊರಿನವರ ದಾರಿ ಕೊನೆಗೆ ರಾಜ್ಯದ ಗಡಿಯ ತಲಪಾಡಿ ದಾಟಿಯೇ ಹೋಗುತ್ತದೆ. ಮಂಗಳೂರಿನಲ್ಲಿ ಎಂಆರ್‌ಐ ಆಯಿತು. ಟಿಬಿಯಾದ, ಅಂದರೆ ಕಣಕಾಲಿನ ದೊಡ್ಡ ಎಲುಬಿನ, ಹಿಂಬದಿಯ ಒಳ ಅಂಚಿನಲ್ಲಿ ಸ್ಪಷ್ಟ ಗೆರೆ. ಅದೃಷ್ಟವೆಂದರೆ ಅದು ಮುಂಬದಿಯ ಅಂಚಿನಲ್ಲಿರಲಿಲ್ಲ. ಅಲ್ಲಾಗಿದ್ದರೆ ಕೂಡುವುದು ಬಹಳ ನಿಧಾನ, ಕೆಲವೊಮ್ಮೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ ಎಂದು ಅಲ್ಲಿನ ವೈದ್ಯರು ವಿವರಿಸಿದರು. ರಕ್ತ ಪರೀಕ್ಷೆಯಲ್ಲಿ ಡಿ ಜೀವಸತ್ವವೂ ಕಡಿಮೆ ಇತ್ತು. ಬಿಸಿಲೇ ಬಿಸಿಲಿರುವ ಊರಿನಲ್ಲಿ, ಬೆಳಕಾಗುವ ಮೊದಲು ಓಡಿ ಬೆಳಗಿನಿಂದ ಸಂಜೆಯವರೆಗೆ ಕಚೇರಿಯೊಳಗೆ ಕೂರುವವನಿಗೆ ಇದು ಬಂದರೆ ಆಶ್ಚರ್ಯವಿಲ್ಲ.

ಎಲುಬು ಹೀಗೆ ಒಡೆಯುವುದೇಕೆ ಎಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದನ್ನು ನಮ್ಮ ಹಂಚಿನ ಮನೆಯ ಮಾತಿನಲ್ಲಿ ಹೇಳುತ್ತೇನೆ. ಹೊಸ ಭಾರ ಬಿದ್ದಾಗ ಎಲುಬು ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತದೆ. ಮೊದಲು ಹಳೆಯ ಹಂಚು ತೆಗೆಯುವ ಕೆಲಸ: ದಣಿದ ಭಾಗವನ್ನು ಕೆಲವು ಕೋಶಗಳು ತಿಂದು ಖಾಲಿ ಮಾಡುತ್ತವೆ, ಎರಡು ಮೂರು ವಾರದ ಕೆಲಸ. ಆಮೇಲೆ ಹೊಸ ಹಂಚು ಹೊದಿಸುವುದು, ಅದಕ್ಕೆ ಸುಮಾರು ಮೂರು ತಿಂಗಳು. ಹೀಗಾಗಿ ತರಬೇತಿ ಹಠಾತ್ತನೆ ಏರಿದ ಮೂರು ನಾಲ್ಕು ವಾರಕ್ಕೆ ಮನೆಯ ಮಾಡು ಅರ್ಧ ಬಯಲಾಗಿರುತ್ತದೆ. ನನ್ನ ಮೂರು ಭಾನುವಾರಗಳ 17, 18, 20 ಸರಿಯಾಗಿ ಆ ಹೊತ್ತಿಗೆ ಬಿದ್ದ ಮಳೆ.

ಮಲಗಿದ್ದಲ್ಲಿ ಓದುವುದಕ್ಕೆ ಸಮಯ ಸಿಕ್ಕಿತು. ಶೇಕಡ ಹತ್ತರ ನಿಯಮವನ್ನು ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರ ಮೇಲೆ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಒಂದು ಗುಂಪಿಗೆ ನಿಯಮದಂತೆ ನಿಧಾನದ 13 ವಾರ, ಇನ್ನೊಂದಕ್ಕೆ ಸಾಮಾನ್ಯ 8 ವಾರ. ಎರಡರಲ್ಲೂ ಐವರಲ್ಲಿ ಒಬ್ಬರಿಗೆ ನೋವು. ನಿಯಮದಿಂದ ಏನೂ ಲಾಭವಾಗಲಿಲ್ಲ. ನನ್ನನ್ನು ಎದ್ದು ಕೂರಿಸಿದ್ದು 2025ರಲ್ಲಿ ಬ್ರಿಟಿಷ್ ಕ್ರೀಡಾ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ. 5,205 ಓಟಗಾರರ ಕೈಗಡಿಯಾರದ ದಾಖಲೆಗಳನ್ನು ಹದಿನೆಂಟು ತಿಂಗಳು ನೋಡಿದ್ದಾರೆ. ವಾರದ ಮೊತ್ತ ಹಿಂದಿನ ವಾರಕ್ಕಿಂತ ಎಷ್ಟು ಏರಿತು ಎಂಬುದಕ್ಕೂ ನೋವಿಗೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಒಂದೇ ಓಟದ ಉದ್ದಕ್ಕೆ. ಕಳೆದ ಮೂವತ್ತು ದಿನಗಳಲ್ಲಿ ಓಡಿದ ಅತಿ ಉದ್ದದ ಓಟವನ್ನು ಶೇಕಡ 10ರಿಂದ 30ರಷ್ಟು ಮೀರಿದವರಿಗೆ ಅಪಾಯ ಶೇಕಡ 64ರಷ್ಟು ಹೆಚ್ಚು. ದುಪ್ಪಟ್ಟಿಗಿಂತ ಉದ್ದ ಓಡಿದವರಿಗೆ ಶೇಕಡ 128ರಷ್ಟು. ನಡುವಿನವರಿಗೆ 52. ಅಂಕಿಗಳು ಏಣಿಯ ಮೆಟ್ಟಿಲಿನಂತೆ ಒಪ್ಪವಾಗಿಲ್ಲ. ನನ್ನ ಉದ್ಯೋಗದಲ್ಲಿ ತೀರಾ ಒಪ್ಪವಾದ ಲೆಕ್ಕವನ್ನೇ ಅನುಮಾನಿಸುವುದರಿಂದ, ಇದು ನನಗೆ ಇನ್ನಷ್ಟು ನಂಬಿಕೆ ಹುಟ್ಟಿಸಿತು. ಕಾರಣ ಇದೇ ಎಂದು ಅದು ಸಾಧಿಸಿ ತೋರಿಸಿಲ್ಲ, ಒಟ್ಟಿಗೆ ಕಂಡದ್ದನ್ನು ಹೇಳಿದೆ ಅಷ್ಟೆ.

ನನ್ನ ಅತಿ ಉದ್ದದ ಓಟ 8. ಮುಂದಿನದು 17. ವಾರದ ಖಾತೆಯಲ್ಲಿ ಬದಲಾವಣೆ ಸೊನ್ನೆ.

ಹಾಗಾಗಿ ನನ್ನಂಥ ಭಾನುವಾರದ ಓಟಗಾರರಿಗೆ ಹೇಳುವುದಿಷ್ಟು. ತಪ್ಪಿದ ಮಂಗಳವಾರ ತಪ್ಪಿತು, ಅದು ಸಾಲವಲ್ಲ, ಬಡ್ಡಿ ಬೆಳೆಯುವುದಿಲ್ಲ. ಜ್ವರವೋ ಮಳೆಯೋ ಮದುವೆಯೋ ಮುಗಿಸಿ ಬಂದಾಗ ಪಟ್ಟಿ ಇರುವಲ್ಲಿಗೆ ಹಾರಬೇಡಿ. ಕಳೆದ ಮೂವತ್ತು ದಿನದಲ್ಲಿ ಒಂದೇ ಸಲಕ್ಕೆ ಎಷ್ಟು ಓಡಿದ್ದೀರಿ ಎಂದು ನೋಡಿ, ಅಲ್ಲಿಂದ ಏರಿಸಿ. ಓಟದ ದಿನ ಹತ್ತಿರವಾಯಿತೆಂದರೆ ಓಟವನ್ನೇ ಬಿಡಿ, ಕಟ್ಟಿದ ಹಣ ನನ್ನ ಎಂಆರ್‌ಐ ಖರ್ಚಿನ ಕಾಲುಭಾಗವೂ ಇರಲಿಲ್ಲ. ಬೆರಳು ತೋರಿಸುವಷ್ಟು ಜಾಗದಲ್ಲಿ ನೋವಿದ್ದರೆ ಮಾತ್ರೆ ನುಂಗಿ ಓಡಬೇಡಿ, ಎಕ್ಸ್‌-ರೇ ಸರಿಯಿದೆ ಎಂದ ಮಾತ್ರಕ್ಕೂ ಓಡಬೇಡಿ. ಹಣ ಪಡೆದು ಪಟ್ಟಿ ಕೊಡುವವರು ನಿಮ್ಮ ಹಳೆಯ ನೋವಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿದ್ದರೆ ಆ ಪಟ್ಟಿಯನ್ನು ಕ್ಯಾಲೆಂಡರ್ ಎಂದು ತಿಳಿದು ಗೋಡೆಗೆ ತೂಗುಹಾಕಿ. ಬದಿಯಡ್ಕದ ಆ ಶಿಕ್ಷಕಿ ಎರಡನೆಯ ವಾರವೇ ಗುಂಪು ಬಿಟ್ಟು ತನ್ನ ಪಾಡಿಗೆ ಓಡಿದರು. ನವೆಂಬರಿನ ಓಟ ಮುಗಿಸಿದ ನಮ್ಮ ಊರಿನ ಮೂವರಲ್ಲಿ ಅವರೂ ಒಬ್ಬರು. ನಾನು ಊರುಗೋಲು ಹಿಡಿದು ನೀರು ಹಂಚುವ ಮೇಜಿನ ಬಳಿ ಕುರ್ಚಿ ಹಾಕಿ ಕುಳಿತಿದ್ದೆ.

ಎರಡು ವಾರದ ಹಿಂದೆ ವೈದ್ಯರು ಅನುಮತಿ ಕೊಟ್ಟರು. ಮನೆ ಹತ್ತಿರದ ಶಾಲೆಯ ಮೈದಾನದಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಟಕ್ಕೆ ಬರುವ ಮಕ್ಕಳು ದಾಟಿ ಹೋಗುತ್ತಾ ನಗುತ್ತಾರೆ. ಗುಂಪಿನಿಂದ ಹೊರಬರಲು ಇನ್ನೂ ಮರೆತಿದ್ದೇನೆ, ಇವತ್ತು ಬೆಳಿಗ್ಗೆಯೂ ‘ಭಾನುವಾರ: 18 ಕಿ.ಮೀ.’ ಎಂದು ಸಂದೇಶ ಬಂತು. ಈ ಮೂವತ್ತು ದಿನದಲ್ಲಿ ನನ್ನ ಅತಿ ಉದ್ದದ ಓಟ, ನಡಿಗೆಯನ್ನೂ ಸೇರಿಸಿ, 3 ಕಿಲೋಮೀಟರ್. ಬರುವ ಭಾನುವಾರಕ್ಕೆ 3.2 ಎಂದು ಬರೆದಿಟ್ಟಿದ್ದೇನೆ.